ಗುದದ ಕ್ಯಾನ್ಸರ್: 26 ವಾರ ಯಾಕೆ ಕಾಯಬೇಕು?

ತುಮಕೂರಿನಲ್ಲಿ ನನ್ನ ಜೊತೆ ನರ್ಸಿಂಗ್ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಈ ಪಾಠದಲ್ಲಿ ನಾವೆಲ್ಲ ಎಡವುವುದು ಒಂದೇ ಕಡೆ. ಗಡ್ಡೆ ಅಂದ ತಕ್ಷಣ ಮೊದಲು ಆಪರೇಷನ್ ಅಂತ ಬರೆದುಬಿಡುತ್ತೇವೆ. ಇಲ್ಲಿ ಸಾಮಾನ್ಯವಾಗಿ ಅದು ಕೊನೆಯ ದಾರಿ.

ಮೊದಲು ಜಾಗ ನೋಡೋಣ. ಗುದನಾಳ ಸುಮಾರು 4 ಸೆಂಟಿಮೀಟರ್ ಉದ್ದ, ಅಷ್ಟೇ. ಅದರೊಳಗೆ ಹಲ್ಲಿನ ಸಾಲಿನಂಥ ಒಂದು ಗೆರೆ ಇದೆ. ಅದೇ ಡೆಂಟೇಟ್ ಲೈನ್. ಗೆರೆಯ ಮೇಲೆ ಕರುಳಿನ ಪದರ, ಕೆಳಗೆ ಚರ್ಮದಂಥ ಪದರ. ಗುದದ ಕ್ಯಾನ್ಸರ್ ಹೆಚ್ಚಾಗಿ ಸ್ಕ್ವಾಮಸ್ ಜಾತಿಯದು, ಅಂದರೆ ಆ ಚರ್ಮದಂಥ ಪದರದ ಕೋಶಗಳಿಂದ ಹುಟ್ಟುವುದು. ಮೇಲಿನ ಮಲಾಶಯದ್ದು ಹೆಚ್ಚಾಗಿ ಅಡಿನೋಕಾರ್ಸಿನೋಮ, ಅಂದರೆ ಕರುಳಿನ ಪದರದ ಗ್ರಂಥಿಕೋಶಗಳಿಂದ ಹುಟ್ಟುವುದು. ಅಕ್ಕಪಕ್ಕದ ಮನೆಗಳೇ, ಆದರೆ ಚಿಕಿತ್ಸೆ ಬೇರೆ. ಗೆರೆಯ ಕೆಳಗಿನದು ತೊಡೆಸಂದಿನ ಗ್ರಂಥಿಗಳಿಗೆ ಹರಡಬಹುದು, ಅಲ್ಲಿ ಮುಟ್ಟಿ ನೋಡುವುದನ್ನು ಮರೆಯಬೇಡಿ. ಬಹುಪಾಲು ಕಾರಣ ಎಚ್‌ಪಿವಿ ವೈರಸ್, ಅದರಲ್ಲೂ 16ನೇ ಬಗೆ. ಗರ್ಭಕೊರಳಿನ ಕ್ಯಾನ್ಸರ್ ತರುವುದೂ ಇದೇ.

ಮೊದಲೆಲ್ಲ ಗುದ, ಮಲಾಶಯ ಎರಡನ್ನೂ ತೆಗೆದು, ಜೀವನಪೂರ್ತಿ ಹೊಟ್ಟೆ ಮೇಲೆ ಮಲ ಸೇರುವ ಚೀಲ ಹಾಕುತ್ತಿದ್ದರು. ಅಮೆರಿಕದ ಡೆಟ್ರಾಯಿಟ್‌ನಲ್ಲಿ ನಾರ್ಮನ್ ನೈಗ್ರೊ ಎಂಬ ಸರ್ಜನ್, ಆಪರೇಷನ್‌ಗೆ ಮುಂಚೆ ಗಡ್ಡೆ ಕುಗ್ಗಲಿ ಅಂತ 5-ಎಫ್‌ಯು, ಮೈಟೊಮೈಸಿನ್ ಎಂಬ ಕ್ಯಾನ್ಸರ್ ಔಷಧಿಗಳನ್ನು ಮತ್ತು ರೇಡಿಯೇಷನ್ ಕೊಟ್ಟರು. 1974ರಲ್ಲಿ 3 ರೋಗಿಗಳ ವಿಷಯ ಪ್ರಕಟಿಸಿದರು. ಇಬ್ಬರಿಗೆ ಆಪರೇಷನ್ ಆಯಿತು, ತೆಗೆದ ಭಾಗದಲ್ಲಿ ಗಡ್ಡೆಯೇ ಸಿಗಲಿಲ್ಲ! ಮೂರನೆಯವರು ಆಪರೇಷನ್ ಬೇಡ ಅಂದರು, ಅವರಲ್ಲೂ ಗಡ್ಡೆ ಮಾಯವಾಗಿತ್ತು. ಚಾಕು ಹಿಡಿದವರೇ ಚಾಕು ಬೇಡವಾಗುವ ದಾರಿ ತೋರಿಸಿದರು. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಆಮೇಲೆ ಬ್ರಿಟನ್ನಿನ ಆಕ್ಟ್-2 ಅಧ್ಯಯನದಲ್ಲಿ ಇಂಥದ್ದೇ ಚಿಕಿತ್ಸೆ ಪಡೆದ 940 ಜನರಿದ್ದರು. ಮೈಟೊಮೈಸಿನ್ ಬದಲು ಸಿಸ್‌ಪ್ಲಾಟಿನ್ ಎಂಬ ಇನ್ನೊಂದು ಔಷಧಿ ಕೊಟ್ಟರೆ ಲಾಭ ಜಾಸ್ತಿಯಾಗಲಿಲ್ಲ. ನಮಗೆ ಬೇಕಾದದ್ದು ಅದರ ಇನ್ನೊಂದು ಲೆಕ್ಕ. ಚಿಕಿತ್ಸೆ ಶುರುವಾಗಿ 11 ವಾರಕ್ಕೆ ಗಡ್ಡೆ ಪೂರ್ತಿ ಹೋಗದಿದ್ದ 209 ಜನರಲ್ಲಿ 151 ಜನರಿಗೆ 26 ವಾರದ ಹೊತ್ತಿಗೆ ಪೂರ್ತಿ ಹೋಗಿತ್ತು. ಆತುರಪಟ್ಟು ಕೊಯ್ದಿದ್ದರೆ ಅಷ್ಟೂ ಜನ ಸುಮ್ನೆ ಚೀಲ ಹೊರಬೇಕಿತ್ತು, ಅಲ್ವಾ?

ವಾರ್ಡಿನಲ್ಲಿ ನಮ್ಮ ಕೆಲಸ ಬೇರೆಯೇ ಇದೆ. ರೇಡಿಯೇಷನ್‌ನಿಂದ ತೊಡೆಸಂದಿನ ಚರ್ಮ ಸುಟ್ಟಂತಾಗುತ್ತದೆ. ಮೈಟೊಮೈಸಿನ್‌ನಿಂದ ರಕ್ತಕಣ ಇಳಿಯುತ್ತವೆ, ಜ್ವರ ಬಂದರೆ ತಡಮಾಡಬಾರದು.

ಮಧುಗಿರಿಯ ನಮ್ಮ ದೊಡ್ಡಮ್ಮ ವರ್ಷಕ್ಕೂ ಹೆಚ್ಚು ಕಾಲ ಮೂಲವ್ಯಾಧಿ ಅಂದುಕೊಂಡು ಮುಲಾಮು ಹಚ್ಚುತ್ತಿದ್ದರು. ತೋರಿಸಲು ನಾಚಿಕೆ. ರಕ್ತ ಹೋಗುತ್ತಿದೆ ಅಂತ ಯಾರೇ ಹೇಳಲಿ, ಪರದೆ ಎಳೆದು ಮೆಲ್ಲಗೆ ಕೇಳಿ: ಎಷ್ಟು ದಿನದಿಂದ ಅಮ್ಮಾ, ಕೈಗೆ ಗಂಟು ಸಿಗುತ್ತಾ?

ಚಿಕಿತ್ಸೆ ಮುಗಿದ ಮೇಲೆ ಮನೆಯವರು ಖಂಡಿತ ಕೇಳುತ್ತಾರೆ: "ಗಡ್ಡೆ ಇನ್ನೂ ಇದೆಯಲ್ಲ ಸಿಸ್ಟರ್, ಯಾಕೆ ತೆಗೀತಿಲ್ಲ?" ಆಗ ಆ 209ರ ಲೆಕ್ಕವನ್ನೇ ಹೇಳಿ. ಗಡ್ಡೆ ಬೆಳೆಯುತ್ತಿದ್ದರೆ ಕಾಯುವುದಿಲ್ಲ, ಆಗ ಆಪರೇಷನ್ ಇದ್ದೇ ಇದೆ ಅಂತಲೂ ಹೇಳಿ.