ಸೋರದ ಸರ್ವೋ ಯಾಕೆ ಬಿಚ್ಚಬೇಕು? ಹೆಲಿಕಾಪ್ಟರ್ ಹೈಡ್ರಾಲಿಕ್ ಮತ್ತು ಎ.ಡಿ. ಕುರಿತು ಅಧ್ಯಯನ ಟಿಪ್ಪಣಿ

ದಾವಣಗೆರೆಯಲ್ಲಿ ನಮ್ಮ ಜೊತೆ ಕೂತು ವಿಮಾನ ನಿರ್ವಹಣಾ ಎಂಜಿನಿಯರ್ ಲೈಸೆನ್ಸಿಗೆ ಓದುತ್ತಿರುವವರಿಗಾಗಿ ಬರೆದ ಟಿಪ್ಪಣಿ ಇದು. ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಪಠ್ಯಕ್ರಮದಲ್ಲಿ ಮಾಡ್ಯೂಲ್ 10 ಎಂದರೆ ಕಾನೂನು, ಮಾಡ್ಯೂಲ್ 12 ಎಂದರೆ ಹೆಲಿಕಾಪ್ಟರಿನ ರಚನೆ ಮತ್ತು ವ್ಯವಸ್ಥೆಗಳು. ಕಾನೂನನ್ನು ಬಾಯಿಪಾಠ ಮಾಡಿ, ಹೈಡ್ರಾಲಿಕ್ಕನ್ನು ಚಿತ್ರ ಬರೆದು ಕಲಿತು, ಎರಡನ್ನೂ ಬೇರೆ ಬೇರೆ ಗೂಟಕ್ಕೆ ಕಟ್ಟಿಬಿಡುತ್ತೇವೆ. ಅವೆರಡೂ ಒಂದೇ ಕಾಗದದ ಮೇಲೆ ಬರುವ ಜಾಗ ಏರ್‌ವರ್ದಿನೆಸ್ ಡೈರೆಕ್ಟಿವ್. ಚಿಕ್ಕದಾಗಿ ಎ.ಡಿ. "ಇಂಥ ಭಾಗದಲ್ಲಿ ದೋಷವಿದೆ, ಇಷ್ಟು ಗಂಟೆಯೊಳಗೆ ಬದಲಿಸಿ, ಇಲ್ಲದಿದ್ದರೆ ಹಾರಬೇಡಿ" ಎಂಬ ಆದೇಶ.

ನಮ್ಮ ಗುಂಪಿನಲ್ಲಿ ಚಿತ್ರದುರ್ಗದ ಹುಡುಗನೊಬ್ಬನಿದ್ದಾನೆ. ಹೈವೇ ಪಕ್ಕ ಅವರ ಮನೆಯವರದೇ ಹೈಡ್ರಾಲಿಕ್ ಹೋಸ್ ಅಂಗಡಿ. ಕ್ವಾರಿ, ಮೈನಿಂಗ್ ಕಡೆಯಿಂದ ಬರುವ ಜೆಸಿಬಿ, ಟಿಪ್ಪರ್‌ಗಳಿಗೆ ಹೋಸ್ ಪ್ರೆಸ್ ಮಾಡಿಕೊಡುವ ಕೆಲಸ. ಎ.ಡಿ. ಪಾಠ ಬಂದಾಗ ಅವನು ಕೇಳಿದ್ದು: "ಸೋರ್ತಿಲ್ಲ, ಪ್ರೆಶರ್ ಸರಿ ಐತಿ, ಕೆಲ್ಸ ಮಾಡ್ತೈತಿ. ಮತ್ಯಾಕಣ್ಣ ಬಿಚ್ಚೋದು?" ಪ್ರಶ್ನೆ ದಡ್ಡತನದ್ದಲ್ಲ. ಜೆಸಿಬಿಯ ಹೋಸ್ ಒಡೆದರೆ ಎಣ್ಣೆ ಚೆಲ್ಲುತ್ತದೆ, ಬಕೆಟ್ ನೆಲಕ್ಕೆ ಕೂರುತ್ತದೆ, ಡ್ರೈವರ್ ಬೈದುಕೊಂಡು ಎಂಜಿನ್ ಆಫ್ ಮಾಡುತ್ತಾನೆ, ಅರ್ಧ ದಿನದ ಬಾಡಿಗೆ ಹೋಗುತ್ತದೆ. ಕೆಟ್ಟ ಮೇಲೆ ಬದಲಿಸುವ ಪದ್ಧತಿ ಅಲ್ಲಿ ನಡೆಯುತ್ತದೆ. ಹೆಲಿಕಾಪ್ಟರಿನಲ್ಲಿ ಯಾಕೆ ನಡೆಯುವುದಿಲ್ಲ ಎಂಬುದಕ್ಕೆ ಕಾನೂನಿನ ಪುಸ್ತಕದಲ್ಲಿ ಉತ್ತರ ಸಿಗುವುದಿಲ್ಲ. ಅದಕ್ಕೆ ಪೈಲಟ್ ಕೈಗೆ ಎಣ್ಣೆಯ ಒತ್ತಡದ ಬಲ ಕೊಡುವ ಸರ್ವೋ ಒಳಗೆ ನೋಡಬೇಕು.

ಸರ್ವೋ ಎಲ್ಲಿದೆ, ಹೇಗೆ ಕೈಕೊಡುತ್ತದೆ

ಪೈಲಟ್ ಸೈಕ್ಲಿಕ್ (ದಿಕ್ಕಿಗೆ ವಾಲಿಸುವ ಸ್ಟಿಕ್) ಅಥವಾ ಕಲೆಕ್ಟಿವ್ (ಮೇಲೆ ಕೆಳಗೆ ಒಯ್ಯುವ ಲಿವರ್) ಆಡಿಸಿದಾಗ ರಾಡುಗಳ ಮೂಲಕ ಆ ಚಲನೆ ಸರ್ವೋಗೆ ಹೋಗುತ್ತದೆ. ಸರ್ವೋ ಎಣ್ಣೆಯ ಒತ್ತಡದ ಬಲದಿಂದ ರೋಟರಿನ ಕೆಳಗಿರುವ ಸ್ವಾಶ್‌ಪ್ಲೇಟ್ ಎಂಬ ತಟ್ಟೆಯನ್ನು ಎತ್ತುತ್ತದೆ, ಇಳಿಸುತ್ತದೆ, ವಾಲಿಸುತ್ತದೆ. ರೋಟರಿನ ರೆಕ್ಕೆಗಳ (ಬ್ಲೇಡುಗಳ) ಕೋನ ಬದಲಾಗುವುದು ಅಲ್ಲಿಂದ. ರಾಬಿನ್ಸನ್ ಆರ್22 ತರಹದ ಪುಟ್ಟ ಹೆಲಿಕಾಪ್ಟರುಗಳಿಗೆ ಹೈಡ್ರಾಲಿಕ್ಕೇ ಇಲ್ಲ, ಕೈಬಲವೇ ಸಾಕು. ಏರ್‌ಬಸ್‌ನ ಎಎಸ್350 ಹೆಲಿಕಾಪ್ಟರಿನಲ್ಲಿ ಮುಖ್ಯ ರೋಟರಿಗೆ ಮೂರು, ಬಾಲದ ರೋಟರಿಗೆ ಒಂದು ಸರ್ವೋ, ಒತ್ತಡ ಸುಮಾರು 40 ಬಾರ್. ಒಂದೇ ಹೈಡ್ರಾಲಿಕ್ ವ್ಯವಸ್ಥೆಯಿರುವ ಮಾದರಿಗಳಲ್ಲಿ ಪಂಪನ್ನು ತಿರುಗಿಸುವುದು ಒಂದು ಬೆಲ್ಟ್. ದೊಡ್ಡ ಹೆಲಿಕಾಪ್ಟರುಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ವ್ಯವಸ್ಥೆ ಕಡ್ಡಾಯವಾಗಿ ಬೇಕು, ಯಾಕೆಂದರೆ ಅಲ್ಲಿ ರೆಕ್ಕೆಯ ಬಲವನ್ನು ಮನುಷ್ಯನ ಕೈ ತಡೆಯಲಾರದು.

ಕೈಕೊಡುವುದರಲ್ಲಿ ಎರಡು ಜಾತಿ. ಪರೀಕ್ಷೆಯಲ್ಲಿ ಇವೆರಡನ್ನು ಬೆರೆಸಿ ಬರೆಯುವವರೇ ಹೆಚ್ಚು.

ಮೊದಲನೆಯದು ಒತ್ತಡ ಹೋಗುವುದು. ಬೆಲ್ಟ್ ಹರಿಯಿತು, ಪಂಪನ್ನು ತಿರುಗಿಸುವ ಶಾಫ್ಟಿನ ಹಲ್ಲು (ಸ್ಪ್ಲೈನ್) ಸವೆಯಿತು, ಪೈಪ್ ಬಿರುಕುಬಿಟ್ಟಿತು ಅನ್ನಿ. ಎಎಸ್350ರಲ್ಲಿ ಹಾರ್ನ್ ಕೂಗುತ್ತದೆ, ಕೆಂಪು ದೀಪ ಹತ್ತುತ್ತದೆ. ಮುಖ್ಯ ಸರ್ವೋಗಳಿಗೆ ಅಂಟಿಕೊಂಡಿರುವ ಅಕ್ಯುಮುಲೇಟರುಗಳಲ್ಲಿ (ಒತ್ತಡ ಕೂಡಿಡುವ ಪುಟ್ಟ ಸಿಲಿಂಡರುಗಳು) ಉಳಿದ ಒತ್ತಡ ಸ್ವಲ್ಪ ಹೊತ್ತು ಬರುತ್ತದೆ. ಅಷ್ಟರೊಳಗೆ ವೇಗವನ್ನು 40ರಿಂದ 60 ನಾಟಿನ ನಡುವೆ ತಂದು, ಭಾರವಾದ ಸ್ಟಿಕ್ಕಿನ ಜೊತೆ ಗುದ್ದಾಡಿ ಇಳಿಸಬೇಕು. ಕಷ್ಟ, ಆದರೆ ಇದಕ್ಕೆ ಎಚ್ಚರಿಕೆ ಇದೆ, ತರಬೇತಿ ಇದೆ.

ಎರಡನೆಯದು ಒತ್ತಡ ಪೂರ್ತಿ ಇದ್ದೂ ಸರ್ವೋ ಮಾತು ಕೇಳದೇ ಇರುವುದು. ಸರ್ವೋ ಒಳಗೆ ಅಂಗಿಯ ತೋಳಿನಂಥ ಒಂದು ಕೊಳವೆ (ಸ್ಲೀವ್), ಅದರೊಳಗೆ ಜಾರುತ್ತಾ ಎಣ್ಣೆ ಯಾವ ಕಡೆ ಹೋಗಬೇಕೆಂದು ತಿರುಗಿಸುವ ಸ್ಪೂಲ್ ವಾಲ್ವ್. ಇವೆರಡರ ನಡುವಿನ ಸಂದನ್ನು ಅಳೆಯುವುದು ಮೈಕ್ರಾನುಗಳಲ್ಲಿ. ತಯಾರಿಕೆಯಲ್ಲಿ ಅಂಚು ಸರಿಯಾಗಿ ಉಜ್ಜಿರದಿದ್ದರೆ, ಒಂದು ಲೋಹದ ಚೂರು ಉಳಿದಿದ್ದರೆ, ಒಳಗಿನ ತುಂಡೊಂದು ಬಿರಿದರೆ ಸ್ಪೂಲ್ ಸಿಕ್ಕಿಹಾಕಿಕೊಳ್ಳಬಹುದು. ಆಗ ಎಣ್ಣೆ ಒಂದೇ ಕಡೆಗೆ ನುಗ್ಗಿ ಪಿಸ್ಟನ್ ಕೊನೆಯವರೆಗೂ ಓಡುತ್ತದೆ. ಹಾರ್ಡ್‌ಓವರ್ ಅನ್ನುವುದು ಇದಕ್ಕೇ. ಹೊರಗೆ ಒಂದು ಹನಿಯೂ ಸೋರಿರುವುದಿಲ್ಲ, ಹಿಂದಿನ ನಿಮಿಷದವರೆಗೂ ಗೇಜು ಸರಿಯಾಗೇ ತೋರಿಸುತ್ತಿರುತ್ತದೆ.

ಚಿತ್ರದುರ್ಗದ ಗೆಳೆಯನ ಪ್ರಶ್ನೆಗೆ ಉತ್ತರ ಇಲ್ಲಿದೆ. ಸೋರಿಕೆ, ಪ್ರೆಶರ್ ಎರಡೂ ಮೊದಲನೇ ಜಾತಿಯ ದೋಷಕ್ಕೆ ಸಾಕ್ಷಿ, ಎರಡನೆಯದಕ್ಕಲ್ಲ. ಭಾಗವನ್ನೇ ಬದಲಿಸಿ ಎಂಬ ಎ.ಡಿ. ಬಂದರೆ ಅದರ ಹಿಂದೆ ಸಾಮಾನ್ಯವಾಗಿ ಇಂಥ ಕಾರಣ ಇರುತ್ತದೆ: ನೋಡಿ ಕಂಡುಹಿಡಿಯಲಾಗದ ದೋಷ, ಅಥವಾ ಒಂದು ತಪಾಸಣೆಗೂ ಮುಂದಿನದಕ್ಕೂ ನಡುವೆ ಮುರಿಯುವಷ್ಟು ಬೇಗ ಬೆಳೆಯುವ ದೋಷ. ನೋಡಿದರೆ ಕಾಣುವಂಥದ್ದಾದರೆ "ಪ್ರತಿ ಇಷ್ಟು ಗಂಟೆಗೊಮ್ಮೆ ತಪಾಸಣೆ ಮಾಡಿ" ಎಂದು ಬಿಟ್ಟಿರುತ್ತಾರೆ.

ಹೈಡ್ರಾಲಿಕ್ ಎಣ್ಣೆಯ ಬಗ್ಗೆ ಇನ್ನೊಂದು ಸಣ್ಣ ವಿಷಯ, ಇದನ್ನು ಕೇಳದ ಪ್ರಶ್ನೆಪತ್ರಿಕೆ ಅಪರೂಪ. ಎಂಐಎಲ್-ಪಿಆರ್‌ಎಫ್-5606 ಖನಿಜ ಎಣ್ಣೆ, ಬಣ್ಣ ಕೆಂಪು, ಅದಕ್ಕೆ ನೈಟ್ರೈಲ್ ರಬ್ಬರಿನ ಸೀಲ್. ದೊಡ್ಡ ಪ್ರಯಾಣಿಕ ವಿಮಾನಗಳ ಸ್ಕೈಡ್ರಾಲ್ ಫಾಸ್ಫೇಟ್ ಎಸ್ಟರ್, ಬಣ್ಣ ನೇರಳೆ, ಸೀಲ್ ಇಪಿಡಿಎಂ ಎಂಬ ಬೇರೆ ರಬ್ಬರಿನದು. ಅದಲುಬದಲಾದರೆ ಸೀಲ್ ಉಬ್ಬಿ ಕೆಡುತ್ತದೆ.

ದೋಷ ಹೆಲಿಕಾಪ್ಟರಿನದಲ್ಲ, ಬ್ಯಾಚಿನದು

2023ರ ಏಪ್ರಿಲ್ 2ರಂದು ನಮ್ಮ ಚಳ್ಳಕೆರೆ ಹತ್ತಿರದ ಡಿಆರ್‌ಡಿಒ ಪರೀಕ್ಷಾ ವಲಯದಲ್ಲಿ ಇಸ್ರೋದ ಮರುಬಳಕೆ ರಾಕೆಟ್ ಮಾದರಿಯನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಸುಮಾರು 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತ್ತು. ಅದು ತಾನೇ ಬಂದು ರನ್‌ವೇ ಮೇಲೆ ಇಳಿಯಿತು. ಎಲ್ಲರ ಕಣ್ಣೂ ಇಳಿದ ವಾಹನದ ಮೇಲೆ. ನಮ್ಮಂಥವರು ನೋಡಬೇಕಾದದ್ದು ಹೊತ್ತೊಯ್ದ ಚಿನೂಕನ್ನು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2022ರ ಆಗಸ್ಟಿನಲ್ಲಿ, ಅಮೆರಿಕದ ಸೇನೆ ತನ್ನ ಸುಮಾರು 400 ಚಿನೂಕ್‌ಗಳನ್ನು ನೆಲಕ್ಕಿಳಿಸಿತ್ತು. ಎಂಜಿನ್ನುಗಳಲ್ಲಿ ಇಂಧನ ಸೋರಿ ಬೆಂಕಿ ಹತ್ತಿದ ಘಟನೆಗಳಿದ್ದವು. ತನಿಖೆಯ ಬೆರಳು ನಿಂತದ್ದು ನಿಗದಿತ ಗುಣಮಟ್ಟಕ್ಕೆ ಹೊಂದದ ಓ-ರಿಂಗುಗಳ ಮೇಲೆ. ಇದು ಇಂಧನದ ಕಡೆಯ ವಿಷಯ, ಹೈಡ್ರಾಲಿಕ್ ಅಲ್ಲ. ಆದರೂ ಪಾಠ ಒಂದೇ. ಹೆಲಿಕಾಪ್ಟರ್ ಹಳತೋ ಹೊಸತೋ, ಯಾರ ಕೈಯಲ್ಲಿತ್ತೋ ಎಂಬುದು ಇಲ್ಲಿ ಮುಖ್ಯವಲ್ಲ. ಒಂದು ಸರಬರಾಜಿನಲ್ಲಿ ಬಂದ ರಬ್ಬರ್ ಬಳೆ ಎಲ್ಲೆಲ್ಲಿ ಕೂತಿದೆಯೋ ಅಲ್ಲೆಲ್ಲ ಅಪಾಯ. (ಸೇನೆಯ ವಿಮಾನಗಳು ಡಿಜಿಸಿಎ ಕೆಳಗೆ ಬರುವುದಿಲ್ಲ, ಭಾರತದಲ್ಲಿ ಅವಕ್ಕೆ ಪ್ರಮಾಣೀಕರಣ ಬೆಂಗಳೂರಿನ ಸೆಮಿಲಾಕ್ ಎಂಬ ಸಂಸ್ಥೆಯದು. ಉತ್ತರದಲ್ಲಿ ಚಿನೂಕ್ ಉದಾಹರಣೆ ಕೊಟ್ಟು "ಎ.ಡಿ. ಹೊರಡಿಸಿದರು" ಎಂದು ಬರೆಯಬೇಡಿ.)

ಬುಲೆಟಿನ್ನಿಗೂ ಎ.ಡಿ.ಗೂ ವ್ಯತ್ಯಾಸ

ತಯಾರಕ ಕಂಪನಿ ಕಳಿಸುವುದು ಸರ್ವಿಸ್ ಬುಲೆಟಿನ್. ತುರ್ತಾದರೆ ಅಲರ್ಟ್ ಸರ್ವಿಸ್ ಬುಲೆಟಿನ್. ಅದರಲ್ಲಿ ಕಂಪನಿಯೇ "ಕಡ್ಡಾಯ" ಎಂದು ಅಚ್ಚು ಹಾಕಿದ್ದರೂ ಕಾನೂನಿನ ಬಲ ಬರುವುದು ಸರ್ಕಾರದ ಪ್ರಾಧಿಕಾರ ಎ.ಡಿ. ಹೊರಡಿಸಿದಾಗ. ಯಾವ ಪ್ರಾಧಿಕಾರ? ವಿನ್ಯಾಸಕ್ಕೆ ಜವಾಬ್ದಾರವಾದ ದೇಶದ್ದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒದ ಅನೆಕ್ಸ್ 8ರ ಪ್ರಕಾರ ಆ ದೇಶ ಮಾಹಿತಿಯನ್ನು ಬೇರೆ ದೇಶಗಳಿಗೆ ತಲುಪಿಸಬೇಕು, ನೋಂದಣಿ ಮಾಡಿದ ದೇಶ ಅದರ ಮೇಲೆ ಕ್ರಮ ತೆಗೆದುಕೊಳ್ಳಬೇಕು. ವಿಟಿ ನೋಂದಣಿಯ, ಅಂದರೆ ಭಾರತದಲ್ಲಿ ನೋಂದಾದ ಹೆಲಿಕಾಪ್ಟರಾದರೆ ಅದನ್ನು ಪಾಲಿಸುವಂತೆ ನೋಡಿಕೊಳ್ಳುವುದು ಡಿಜಿಸಿಎ.

ಎಎಸ್350ಕ್ಕೆ ಯುರೋಪಿನ ಇಎಎಸ್‌ಎ. ರಾಬಿನ್ಸನ್‌ಗೆ ಅಮೆರಿಕದ ಎಫ್‌ಎಎ. ಬೆಲ್ 407ಕ್ಕೆ? ಬೆಲ್ ಅಮೆರಿಕದ ಹೆಸರೆಂದು ಎಫ್‌ಎಎ ಗುರುತು ಹಾಕಿದರೆ ಅಂಕ ಹೋಯಿತು. ಆ ಮಾದರಿಯ ಟೈಪ್ ಸರ್ಟಿಫಿಕೇಟ್ (ವಿನ್ಯಾಸಕ್ಕೆ ಸಿಕ್ಕ ಒಪ್ಪಿಗೆ ಪತ್ರ) ಬೆಲ್‌ನ ಕೆನಡಾ ಶಾಖೆಯದು, ಆದ್ದರಿಂದ ಟ್ರಾನ್ಸ್‌ಪೋರ್ಟ್ ಕೆನಡಾ.

ಕಾನೂನಿನ ಹೆಸರಿನಲ್ಲೂ ಎಚ್ಚರ. ಸೆಕೆಂಡ್ ಹ್ಯಾಂಡ್ ಗೈಡುಗಳಲ್ಲಿ ಇನ್ನೂ 1934ರ ಏರ್‌ಕ್ರಾಫ್ಟ್ ಆಕ್ಟ್ ಎಂದೇ ಇದೆ. 2025ರ ಜನವರಿ 1ರಿಂದ ಅದರ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ, 2024 ಬಂದಿದೆ.

ಆದೇಶ ಓದುವ ಬಗೆ, ಒಂದು ಲೆಕ್ಕದೊಂದಿಗೆ

ಎ.ಡಿ.ಯಲ್ಲಿ ದೋಷದ ವಿವರಣೆ ಮೇಲೆಯೇ ಇರುತ್ತದೆ, ಓದಲು ಕುತೂಹಲವೂ ಆಗುತ್ತದೆ. ಕೆಲಸಕ್ಕೆ ಬರುವುದು ಮಾತ್ರ ಕೆಳಗಿನ ಒಣ ಸಾಲುಗಳು: ಯಾವುದಕ್ಕೆ ಅನ್ವಯ, ಯಾವಾಗಿನಿಂದ ಜಾರಿ, ಎಷ್ಟರೊಳಗೆ, ಏನು ಮಾಡಬೇಕು, ಏನನ್ನು ಜೋಡಿಸಬಾರದು. ಯಾವ ವ್ಯವಸ್ಥೆಯ ಎ.ಡಿ. ಎಂದು ಎಟಿಎ ಅಧ್ಯಾಯದ ಸಂಖ್ಯೆ (ವಿಮಾನದ ಪ್ರತಿ ವ್ಯವಸ್ಥೆಗೂ ಕೊಟ್ಟ ಸಾಮಾನ್ಯ ಸಂಖ್ಯೆ) ಹೇಳುತ್ತದೆ: ಹೈಡ್ರಾಲಿಕ್ ಪವರ್ ಆದರೆ 29, ರೋಟರಿನ ನಿಯಂತ್ರಣ ಆದರೆ 67. ಹಳೆಯ ಎ.ಡಿ.ಯನ್ನು ಇದು ರದ್ದು ಮಾಡುತ್ತದೆಯೇ ಎಂಬುದನ್ನೂ ಅಲ್ಲೇ ನೋಡಿ.

ಅಭ್ಯಾಸಕ್ಕೆಂದು ನಾನೇ ಕಟ್ಟಿದ ಆದೇಶ ಇದು. "ಒಂದು ನಿರ್ದಿಷ್ಟ ಪಾರ್ಟ್ ನಂಬರಿನ, 1200ರಿಂದ 1450ರವರೆಗಿನ ಸೀರಿಯಲ್ ನಂಬರಿನ ಮುಖ್ಯ ಸರ್ವೋಗಳನ್ನು, ಅವು ಹೊಸದರಿಂದ 1,000 ಹಾರಾಟ ಗಂಟೆ ಮುಟ್ಟುವ ಮುನ್ನ ಅಥವಾ ಆದೇಶ ಜಾರಿಯಾದ ಮೇಲೆ 50 ಹಾರಾಟ ಗಂಟೆಯೊಳಗೆ, ಯಾವುದು ನಂತರ ಬರುತ್ತದೋ ಆಗ ಬದಲಿಸಿ. ಜಾರಿಯಾದ ದಿನದಿಂದ ಇಂಥ ಸರ್ವೋವನ್ನು ಯಾವ ಹೆಲಿಕಾಪ್ಟರಿಗೂ ಜೋಡಿಸಬೇಡಿ."

ಜಾರಿಯ ದಿನ ನಮ್ಮ ಹೆಲಿಕಾಪ್ಟರಿನ ಒಟ್ಟು ಹಾರಾಟ 2,316 ಗಂಟೆ. ಮುಖ್ಯ ಸರ್ವೋಗಳ ಸೀರಿಯಲ್ 1187, 1312, 1466. ಬಾಲದ ಸರ್ವೋ 1290, ಆದರೆ ಅದರ ಪಾರ್ಟ್ ನಂಬರ್ ಬೇರೆ. ಹಾಗಾಗಿ ಸಿಕ್ಕಿಬಿದ್ದದ್ದು 1312 ಒಂದೇ. ಪಾರ್ಟ್ ನಂಬರ್, ಸೀರಿಯಲ್ ನಂಬರ್ ಎರಡೂ ಹೊಂದಬೇಕು.

ಈ 1312 ಹುಟ್ಟಿನಿಂದ ಇದೇ ಹೆಲಿಕಾಪ್ಟರಿನದ್ದಲ್ಲ. ಭಾಗದ ಇತಿಹಾಸ ಬರೆದಿಡುವ ಲಾಗ್ ಕಾರ್ಡ್ ಹೇಳುವ ಪ್ರಕಾರ ಬೇರೆ ಕಡೆ 640 ಗಂಟೆ ಓಡಿ, ನಮ್ಮದರ 1,980ನೇ ಗಂಟೆಯಲ್ಲಿ ಬಂದು ಕೂತಿದೆ. 2,316ರಿಂದ 1,980 ಕಳೆದರೆ 336. ಅದಕ್ಕೆ 640 ಕೂಡಿಸಿದರೆ 976. ಅಂದರೆ 1,000 ಮುಟ್ಟಲು 24 ಗಂಟೆ ಬಾಕಿ, ಹೆಲಿಕಾಪ್ಟರಿನ ಲೆಕ್ಕದಲ್ಲಿ 2,340. ಇನ್ನೊಂದು ಗಡಿ 2,316 ಮತ್ತು 50, ಅಂದರೆ 2,366. ಆದೇಶ "ನಂತರ ಬಂದದ್ದು" ಎಂದಿರುವುದರಿಂದ ಉತ್ತರ 2,366. "ಮೊದಲು ಬಂದದ್ದು" ಎಂದಿದ್ದರೆ 2,340. ಚುನಾವಣೆ ಪ್ರಚಾರದಲ್ಲಿ ದಿನಕ್ಕೆ 2 ಗಂಟೆ ಹಾರಿದರೆ ಒಂದು ಪದದ ವ್ಯತ್ಯಾಸಕ್ಕೆ 25 ದಿನ ಹೋಗಿ 12 ದಿನ ಆಗುತ್ತದೆ.

ಈಗ ಸ್ಟೋರಿನಲ್ಲಿ ಪ್ಯಾಕ್ ಒಡೆಯದ ಹೊಚ್ಚಹೊಸ ಸರ್ವೋ ಇದೆ, ಅದೇ ಪಾರ್ಟ್ ನಂಬರ್, ಸೀರಿಯಲ್ 1405. ಬಳಕೆಗೆ ಯೋಗ್ಯ ಎಂದು ಹೇಳುವ ರಿಲೀಸ್ ಸರ್ಟಿಫಿಕೇಟ್ ಕೂಡ ಇದೆ. ಸೊನ್ನೆ ಗಂಟೆ ಓಡಿದ್ದು, 1,000 ಇನ್ನೂ ದೂರ ಎಂದು ಹಾಕಬಹುದೇ? ಕೊನೆಯ ಸಾಲು ಬೇಡ ಎನ್ನುತ್ತದೆ. ರೆಕ್ಕೆಯ ಕೆಳಗಿರುವ ಹಳೆಯ 1312ಕ್ಕೆ ಇನ್ನೂ 50 ಗಂಟೆ ಹಾರುವ ಅನುಮತಿ ಇದೆ, ಡಬ್ಬದಲ್ಲಿರುವ ಹೊಸದಕ್ಕೆ ಒಂದು ನಿಮಿಷವೂ ಇಲ್ಲ. ಕೇಳಲು ವಿಚಿತ್ರ, ಆದರೆ ನನ್ನ ಪ್ರಕಾರ ಇಡೀ ಆದೇಶದಲ್ಲಿ ಬಲವಾದ ಸಾಲು ಇದೇ. ಇದಿಲ್ಲದಿದ್ದರೆ ಬಿಚ್ಚಿದ ದೋಷ ಕಪಾಟಿನ ದಾರಿಯಿಂದ ಮತ್ತೆ ಒಳಗೆ ಬರುತ್ತದೆ. 1405ಕ್ಕೆ ಕೆಂಪು ಚೀಟಿ ಕಟ್ಟಿ ಬೇರೆ ಇಡಬೇಕು.

ಬದಲಿಸುವುದೂ ಅಪಾಯದ ಕೆಲಸ

ಇದನ್ನು ಗೈಡುಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. 2011ರ ಡಿಸೆಂಬರ್ 7ರಂದು ಲಾಸ್ ವೇಗಸ್ ಹತ್ತಿರ ಪ್ರವಾಸಿಗರನ್ನು ಹೊತ್ತಿದ್ದ ಎಎಸ್350 ಬಿದ್ದು ಪೈಲಟ್ ಸೇರಿ ಐವರು ಸತ್ತರು. ಹಿಂದಿನ ದಿನವಷ್ಟೇ 100 ಗಂಟೆಯ ತಪಾಸಣೆ ಮುಗಿದಿತ್ತು, ಮುಖ್ಯ ರೋಟರಿನ ಒಂದು ಸರ್ವೋ ಬದಲಾಗಿತ್ತು. ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಕಂಡದ್ದು: ಸರ್ವೋದ ಇನ್‌ಪುಟ್ ರಾಡ್ ಹಿಡಿಯುವ ಬೋಲ್ಟಿಗೆ ಹಿಡಿತ ಕಳೆದುಕೊಂಡ ಹಳೆಯ ಸೆಲ್ಫ್ ಲಾಕಿಂಗ್ ನಟ್ಟನ್ನೇ ಮತ್ತೆ ಹಾಕಿದ್ದರು, ನಟ್ಟು ತಿರುಗದಂತೆ ತಡೆಯುವ ಸ್ಪ್ಲಿಟ್ ಪಿನ್ ಹಾಕಿರಲಿಲ್ಲ ಅಥವಾ ಸರಿಯಾಗಿ ಹಾಕಿರಲಿಲ್ಲ. ನಟ್ಟು ಬಿಚ್ಚಿಕೊಂಡಿತು, ಬೋಲ್ಟ್ ಜಾರಿತು, ರಾಡ್ ಕಳಚಿತು. ಮೆಕ್ಯಾನಿಕ್ ಮತ್ತು ಇನ್ಸ್‌ಪೆಕ್ಟರ್ ಇಬ್ಬರ ದಣಿವನ್ನೂ ವರದಿ ಕಾರಣಗಳ ಜೊತೆ ಸೇರಿಸಿತು. ಮನುಷ್ಯನ ತಪ್ಪು, ದಣಿವಿನ ಬಗ್ಗೆ ಕಲಿಸುವ ಮಾಡ್ಯೂಲ್ 9ಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆದ್ದರಿಂದ ಎ.ಡಿ.ಯಂತೆ ಸರ್ವೋ ಬದಲಿಸಿದ ಉತ್ತರ ಬರೆಯುವಾಗ ಇಷ್ಟು ಬರಲೇಬೇಕು: ಹೊಸ ಸ್ಪ್ಲಿಟ್ ಪಿನ್, ನಟ್ಟಿನ ಹಿಡಿತದ ಪರೀಕ್ಷೆ ಅಥವಾ ಹೊಸ ನಟ್, ಮ್ಯಾನುಯಲ್ ಹೇಳಿದ ಟಾರ್ಕ್, ಗಾಳಿ ತೆಗೆಯುವುದು, ಸೋರಿಕೆ ನೋಡುವುದು, ಕಂಟ್ರೋಲುಗಳು ಕೊನೆಯಿಂದ ಕೊನೆಗೆ ಸರಿಯಾದ ದಿಕ್ಕಿಗೆ ಆಡುತ್ತವೆಯೇ ಎಂಬ ಪರೀಕ್ಷೆ, ಇನ್ನೊಬ್ಬ ಅರ್ಹನಿಂದ ಡ್ಯೂಪ್ಲಿಕೇಟ್ ಇನ್ಸ್‌ಪೆಕ್ಷನ್. ಆಮೇಲೆ ಲಾಗ್ ಬುಕ್ಕಿನಲ್ಲಿ ಎ.ಡಿ. ನಂಬರ್, ಬಿಚ್ಚಿದ ಮತ್ತು ಹಾಕಿದ ಸೀರಿಯಲ್, ಗಂಟೆ, ದಿನಾಂಕ, ಸಹಿ. "ಎ.ಡಿ. ಪಾಲಿಸಲಾಗಿದೆ" ಎಂದಷ್ಟೇ ಬರೆದರೆ ಮುಂದಿನ ಎಂಜಿನಿಯರಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಮುಂದಿನ ವಾರಕ್ಕೆ ಲೆಕ್ಕ: ಮೇಲಿನದೇ ಉದಾಹರಣೆ, ಆದರೆ 1312ರ ಲಾಗ್ ಕಾರ್ಡಿನಲ್ಲಿ 640ರ ಬದಲು 710 ಎಂದಿದೆ. "ನಂತರ ಬಂದದ್ದು", "ಮೊದಲು ಬಂದದ್ದು" ಎರಡಕ್ಕೂ ಉತ್ತರ ಬರೆದು ತನ್ನಿ. ಎರಡರಲ್ಲಿ ಒಂದು ಉತ್ತರ ಹೆಲಿಕಾಪ್ಟರನ್ನು ಅವತ್ತೇ ಹ್ಯಾಂಗರಿನಲ್ಲಿ ನಿಲ್ಲಿಸುತ್ತದೆ.