ಚಾರಣದ ದಾರಿಗೆ ಮುಯ್ಯಾಳು ಯಾರು?

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಬುಡದಲ್ಲಿ ನೆರೆದ ಚಾರಣಿಗರ ಜಾತ್ರೆಯ ಚಿತ್ರಗಳನ್ನು ನೋಡದವರು ಕಡಿಮೆ. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳಿಗೆ ಆಗ ತಡೆ ಬಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಚಾರಣದ ಟಿಕೆಟ್ ಕಾಯ್ದಿರಿಸಲು ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣ ಬಂತು, ಒಂದು ದಾರಿಗೆ ದಿನಕ್ಕೆ 300 ಮಂದಿ ಎಂಬ ಮಿತಿ ಬಂತು. ಅಂದಿನಿಂದ ಚಾರಣದ ಮಾತೆಲ್ಲ ಟಿಕೆಟ್ ಸಿಕ್ಕಿತೋ ಇಲ್ಲವೋ ಎಂಬುದರ ಸುತ್ತಲೇ. ಆ 300 ಮಂದಿ ಕಾಲಿಡುವ ದಾರಿಯನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ.

ಒಂದು ಕಾಲಕ್ಕೆ ಅಷ್ಟು ಕಷ್ಟವಿರಲಿಲ್ಲ. ಘಟ್ಟದ ಮೇಲಿಂದ ಅಕ್ಕಿ, ಮೆಣಸು ಇಳಿಸಿ ಕೆಳಗಿಂದ ಉಪ್ಪು ಹತ್ತಿಸುತ್ತಿದ್ದ ಹೇರೆತ್ತಿನ ದಾರಿಗಳಾಗಲಿ, ಮನೆಯಿಂದ ಮನೆಗೆ, ಮನೆಯಿಂದ ದೇವಸ್ಥಾನಕ್ಕೆ ಹೋಗುವ ಕಾಲುದಾರಿಗಳಾಗಲಿ, ಬಳಸುವವರೇ ಸವರಿಕೊಳ್ಳುವ ದಾರಿಗಳಾಗಿದ್ದವು. ಮಳೆ ನಿಂತ ಮೇಲೆ ಕತ್ತಿ ಹಿಡಿದು ಹೊರಟರೆ ಮುಗಿಯಿತು. ಅಡಿಕೆ ತೋಟದಲ್ಲಿ ಬಸಿಗಾಲುವೆ ಬಿಡಿಸುವವನಿಗೆ ದಾರಿಯ ನೀರು ಎಲ್ಲಿ ಒಡೆಯಬೇಕೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಇಂದು ನಿನ್ನ ತೋಟಕ್ಕೆ ನಾನು, ನಾಳೆ ನನ್ನದಕ್ಕೆ ನೀನು ಎಂಬ ಮುಯ್ಯಾಳಿನ ಲೆಕ್ಕದಲ್ಲಿ ದಾರಿಯೂ ಸೇರಿತ್ತು.

ರಸ್ತೆ ಬಂತು, ಜೀಪು ಬಂತು, ಹೇರೆತ್ತು ಹೋಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ, 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಅದೇ ವರ್ಷ ಕುಮಾರ ಪರ್ವತವಿರುವ ಪುಷ್ಪಗಿರಿ ವನ್ಯಧಾಮ. ಒಳಗಿದ್ದ ಮನೆಗಳು ಕಾಲಕ್ರಮೇಣ ಕಡಿಮೆಯಾದವು. ಕಾಡು ಉಳಿಯಲು ಇದೆಲ್ಲ ಬೇಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ದಾರಿ ಸವರುತ್ತಿದ್ದ ಕೈಗಳು ಹೋದ ಹೊತ್ತಿಗೇ ದಾರಿ ತುಳಿಯುವ ಕಾಲುಗಳು ಬೆಂಗಳೂರಿನಿಂದ ಹೊರಡತೊಡಗಿದ್ದವು. ಮೊದಲು ಕಾಲೇಜು ಹುಡುಗರ ಸಣ್ಣ ಗುಂಪುಗಳು. ಐಟಿ ಬೆಳೆದ ಮೇಲೆ ಶುಕ್ರವಾರ ರಾತ್ರಿಯ ಟೆಂಪೊ ಟ್ರಾವೆಲರ್‌ಗಳ ಸಾಲು.

ಸ್ವಯಂಸೇವಕರು ಬಂದದ್ದು ಈ ಹಂತದಲ್ಲಿ, ಕೈಯಲ್ಲಿ ಗೋಣಿಚೀಲ ಹಿಡಿದು. ತಂಡ ಕಟ್ಟುವ ಕೆಲಸವನ್ನು ಕೆಲವು ವರ್ಷ ನಾನೂ ಮಾಡಿದ್ದೇನೆ. ಹೆಸರು ಕೊಟ್ಟವರು ನಲವತ್ತು, ಬಸ್ಸು ಹತ್ತಿದವರು ಹದಿನಾಲ್ಕು. ಉಳಿದವರಿಗೆ ಶುಕ್ರವಾರ ಸಂಜೆ ಇದ್ದಕ್ಕಿದ್ದಂತೆ ಜ್ವರ. ಸಂಯೋಜಕ ಎಂದರೆ ಮನವಿ ಪತ್ರ ಬರೆಯುವವನು, ಅದು ಯಾವ ಮೇಜಿನ ಮೇಲಿದೆ ಎಂದು ಹುಡುಕುವವನು, ಕೈಗವಸು ಎಣಿಸುವವನು, ಉಂಬಳ (ಜಿಗಣೆ) ಕಂಡು ಕಿರುಚಿದವರಿಗೆ ಸುಣ್ಣ ಕೊಡುವವನು. ತುಂಬಿದ ಚೀಲಗಳನ್ನು ಕೆಳಗಿಳಿಸಿದ ಮೇಲೆ ಅಸಲಿ ಸಮಸ್ಯೆ ಶುರು. ಬಾಟಲಿಗೆ ಗಿರಾಕಿ ಇರುತ್ತಾನೆ, ಒಳಗೆ ಬೆಳ್ಳಿಬಣ್ಣದ ಚಿಪ್ಸ್ ಪೊಟ್ಟಣವನ್ನು ಯಾರೂ ಮುಟ್ಟುವುದಿಲ್ಲ. ಒಮ್ಮೆ ಅವನ್ನು ಮತ್ತೆ ಬೆಂಗಳೂರಿಗೇ ಹೊತ್ತು ತಂದಿದ್ದೆವು. 'ದುಡ್ಡು ಖರ್ಚು ಮಾಡ್ಕೊಂಡು ಬಂದು ಬಿಟ್ಟಿ ಚಾಕರಿ ಮಾಡ್ತೀರಲ್ಲ ಮಾರಾಯ್ರೆ' ಎಂದು ಬುಡದ ಊರಿನ ಹಿರಿಯರೊಬ್ಬರು ನಕ್ಕಿದ್ದರು.

ಅವರೇ ಇನ್ನೊಂದು ಮಾತು ಕೇಳಿದರು: 'ಕಸ ಸರಿ, ದಾರಿಗೆ ಏನು ಮಾಡ್ತೀರಿ?'

ಕುಮಾರ ಪರ್ವತದ ಗಿರಿಗದ್ದೆಯಿಂದ ಕಲ್ಲುಮಂಟಪದ ಕಡೆಗೆ ಹತ್ತುವ ಬಯಲಿನಲ್ಲೋ, ಕುದುರೆಮುಖದ ಒಂಟಿಮರ ದಾಟಿದ ಮೇಲಿನ ಏರಿನಲ್ಲೋ ನಿಂತು ನೋಡಿದರೆ ಆ ಪ್ರಶ್ನೆಯ ತೂಕ ಗೊತ್ತಾಗುತ್ತದೆ. ಹುಲ್ಲಿನ ಬೇರು ಹಿಡಿದಿಟ್ಟ ಮಣ್ಣು ತೆಳ್ಳನೆಯದು. ಕಾಲು ತುಳಿದ ಕಡೆ ಹುಲ್ಲು ಸಾಯುತ್ತದೆ, ಮಣ್ಣು ತಗ್ಗುತ್ತದೆ, ಮೊದಲ ಮಳೆಗೆ ತಗ್ಗು ತೋಡಾಗುತ್ತದೆ. ತೋಡಿನಲ್ಲಿ ಕಾಲು ಜಾರುವುದರಿಂದ ಮುಂದಿನ ವರ್ಷದವರು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ, ಅದೂ ತೋಡಾಗುತ್ತದೆ. ಒಂದು ದಾರಿ ಮೂರಾಗುವುದು ಹೀಗೆ. ಕಸ ಎಷ್ಟೇ ಕೊಳಕಾಗಿ ಕಂಡರೂ ಹೆಕ್ಕಿದರೆ ಹೋಗುತ್ತದೆ. ಕೊಚ್ಚಿ ಹೋದ ಮಣ್ಣು ವಾಪಸು ಬರುವುದಿಲ್ಲ.

ಮದ್ದು ಹಳೆಯದೇ. ದಾರಿಗೆ ಓರೆಯಾಗಿ ಕಲ್ಲಿನ ಸಾಲು ಹುಗಿದು, ಹರಿಯುವ ನೀರನ್ನು ವೇಗ ಹಿಡಿಯುವ ಮೊದಲೇ ಇಳಿಜಾರಿನ ಬದಿಗೆ ಬಿಡುವುದು. ನೇರ ಅಡ್ಡಕ್ಕಿಟ್ಟರೆ ಹಿಂದೆ ಹೂಳು ತುಂಬಿ ನೀರು ಮೇಲೇ ಹಾರುತ್ತದೆ, ಅದಕ್ಕೇ ಓರೆ. ಕಡಿದಾದಲ್ಲಿ ಕಲ್ಲಿನ ಮೆಟ್ಟಿಲು, ಒಳದಾರಿಗಳಿಗೆ ಮುಳ್ಳಿನ ತಡೆ. ಹಾರೆ, ಪಿಕಾಸಿ, ಗುದ್ದಲಿ ಇದ್ದರೆ ಸಾಕು. ಮಾಡಿದ ಮೇಲೆ ಪ್ರತಿವರ್ಷ ಹೂಳು ತೆಗೆಯಬೇಕು. ಇಲ್ಲಿ ಎಲ್ಲರೂ ಸೋಲುವುದು ಈ 'ಪ್ರತಿವರ್ಷ'ದಲ್ಲಿ.

ಹಾರೆ ಹಿಡಿದು ಒಳಗೆ ಹೋಗುವುದು ಗೋಣಿಚೀಲ ಹಿಡಿದು ಹೋದಷ್ಟು ಸುಲಭವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಕಲಮಿನ ಪ್ರಕಾರ ವನ್ಯಧಾಮದಲ್ಲಿ ಆವಾಸಕ್ಕೆ ಧಕ್ಕೆ ತರುವ, ನೀರಿನ ಹರಿವನ್ನು ಬದಲಿಸುವ ಕೆಲಸಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಗಣಿ, ಅಣೆಕಟ್ಟೆಗಳನ್ನು ತಡೆಯುವ ಕಲಮು ಅದು, ಇರಲೇಬೇಕು. ಆದರೆ ದಾರಿಯ ನೀರು ಬಿಡಲು ಗೇಣುದ್ದದ ಕಾಲುವೆ ತೋಡುವುದು ಅದರೊಳಗೆ ಬರುತ್ತದೆಯೇ? ಹೌದು ಎಂದವರೂ ಇದ್ದಾರೆ, ನಕ್ಕು ಸುಮ್ಮನಾದವರೂ ಇದ್ದಾರೆ. ಸಂಶಯ ಬಂದಾಗ ಸಹಿ ಹಾಕದಿರುವುದೇ ಕ್ಷೇಮ. ಆ ಕುರ್ಚಿಯಲ್ಲಿ ಕೂತರೆ ನಾನೂ ಅದನ್ನೇ ಮಾಡುತ್ತಿದ್ದೆನೇನೋ.

ಇನ್ನೊಂದು ತೊಡಕು ಕ್ಯಾಲೆಂಡರಿನದು. ಕಾಲುವೆ ತೋಡಲು, ಹೂಳು ತೆಗೆಯಲು ಸರಿಯಾದ ಕಾಲ ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ. ಆದರೆ ಆಗ ಕಾಳ್ಗಿಚ್ಚಿನ ಭಯಕ್ಕೆ ಬೆಟ್ಟಗಳು ಮುಚ್ಚಿರುತ್ತವೆ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಬೆಂಕಿಗೆ ಬಲಿಯಾದ ಮೇಲೆ ಈ ಭಯವನ್ನು ಯಾರೂ ಹಗುರವಾಗಿ ಕಾಣುವಂತಿಲ್ಲ. ಹಲವು ಬೆಟ್ಟಗಳು ತೆರೆಯುವುದು ಮಳೆ ಬಿಟ್ಟ ಮೇಲೆ, ಮಣ್ಣು ಇನ್ನೂ ಮೆತ್ತಗಿರುವಾಗ. ಅಂದರೆ ಅತಿ ಹೆಚ್ಚು ಕಾಲುಗಳು ಬೀಳುವುದು ದಾರಿ ಅತಿ ಮೆದುವಾಗಿರುವ ವಾರಾಂತ್ಯಗಳಲ್ಲಿ. ನಮ್ಮ ತಂಡಗಳಿಗೆ ಅನುಮತಿ ಸಿಗುತ್ತಿದ್ದದ್ದೂ ಆಗಲೇ. ಆ ವರ್ಷದ ಮಣ್ಣು ಅಷ್ಟರೊಳಗೆ ಹೊಳೆ ಸೇರಿರುತ್ತಿತ್ತು.

ಅಮೆರಿಕದ ಅಪಲೇಚಿಯನ್ ದಾರಿಯ ಉದಾಹರಣೆಯನ್ನು ಇಂಥಲ್ಲಿ ಎಲ್ಲರೂ ಎತ್ತುತ್ತಾರೆ. 1921ರಲ್ಲಿ ಹುಟ್ಟಿದ ಕಲ್ಪನೆ, 14 ರಾಜ್ಯಗಳ ಮೂಲಕ ಸುಮಾರು 3,500 ಕಿಲೋಮೀಟರ್, ಕ್ಲಬ್ಬುಗಳು ಹಂಚಿಕೊಂಡು ನೋಡಿಕೊಳ್ಳುವ ತುಂಡುಗಳು. ಅಲ್ಲಿನ ಮಳೆ ಬೇರೆ, ಕಾನೂನು ಬೇರೆ, ಅಲ್ಲಿ ಆನೆ ಇಲ್ಲ. ಆದರೆ 1984ರಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನ ಸೇವೆಯು ದಾರಿಯ ನಿರ್ವಹಣೆಯನ್ನು ಬರಹದಲ್ಲೇ ಸ್ವಯಂಸೇವಕರ ಸಂಸ್ಥೆಗೆ ವಹಿಸಿಕೊಟ್ಟಿತು ಎಂಬುದನ್ನು ಗಮನಿಸಬೇಕು. ಈ ತಿರುವಿನಿಂದ ಆ ತಿರುವಿನವರೆಗೆ ಇಂಥವರು ಎಂದು ಅಲ್ಲಿ ಬೆರಳಿಟ್ಟು ತೋರಿಸಬಹುದು.

ನಮ್ಮಲ್ಲಿ ಹಾಗೆ ವಹಿಸಿಕೊಳ್ಳಬಲ್ಲವರು ಇಲ್ಲವೆಂದಲ್ಲ. 1993ರಿಂದ ಗ್ರಾಮ ಅರಣ್ಯ ಸಮಿತಿಗಳಿವೆ. ಬುಡದ ಊರುಗಳಲ್ಲಿ ಗೈಡ್ ಆಗಿ ದುಡಿಯುವ ಹುಡುಗರಿದ್ದಾರೆ, ಬೇಸಿಗೆಯಲ್ಲಿ ಬೆಂಕಿ ಕಾಯುವ ವಾಚರುಗಳಿದ್ದಾರೆ. ಮೇ ತಿಂಗಳಲ್ಲಿ ಬೆಟ್ಟದ ಮೇಲೆ ಇರುವವರು ಅವರೇ. ಟಿಕೆಟ್ಟಿನ ಹಣದಲ್ಲಿ ಅವರಿಗೆ ಹದಿನೈದು ದಿನದ ಕೂಲಿ, ಜೊತೆಗೆ ಪಟ್ಟಣದ ಹತ್ತು ಜೊತೆ ಕೈ: ಪ್ರತಿವರ್ಷದ ಕೆಲಸಕ್ಕೆ ಅಷ್ಟು ಸಾಕಾದೀತೆಂದು ನನ್ನ ಅಂದಾಜು.

ಒಂದೇ ಒಂದು ವರ್ಷ ಹಾಗೆ ಆಗಿತ್ತು. ವಾಚರ್ ಒಬ್ಬರು ಮುಂದೆ ನಿಂತು, 'ಇಲ್ಲಿ ಅಲ್ಲ ಸಾರ್, ಒಂದು ಮಾರು ಮೇಲೆ' ಎಂದು ಜಾಗ ತೋರಿಸಿದರು. ಸಂಜೆಯೊಳಗೆ ಐದು ಕಡೆ ಕಲ್ಲು ಹುಗಿದೆವು. ಮಳೆ ಮುಗಿದು ಹೋಗಿ ನೋಡಿದಾಗ ಮೂರು ಉಳಿದಿದ್ದವು. ಎರಡು ಕಿತ್ತು ಹೋಗಿದ್ದವು, ಎರಡೂ ನಮಗೆ ತೋಚಿದ ಜಾಗದಲ್ಲಿ ನಾವೇ ಹುಗಿದವು.