ಸಕ್ಕರೆ ಕಾರ್ಖಾನೆಯ ಗುಮಾಸ್ತ ಯಾವ ವಲಯದವನು?

ರಾಷ್ಟ್ರೀಯ ಆದಾಯದ ಲೆಕ್ಕ ಕಲಿಸುವಾಗ ನಾನು ವಿದ್ಯಾರ್ಥಿಗಳ ಮುಂದೆ ಮೊದಲು ಇಡುವುದು ಸಕ್ಕರೆ ಕಾರ್ಖಾನೆಯ ಸಂಬಳದ ಪಟ್ಟಿಯನ್ನು. ಬಾಯ್ಲರ್ ನೋಡಿಕೊಳ್ಳುವವರ ಹೆಸರುಗಳ ನಡುವೆಯೇ ಕಬ್ಬಿನ ತೂಕ ಬರೆದುಕೊಳ್ಳುವ ಗುಮಾಸ್ತರು, ಲೆಕ್ಕಿಗರು, ಕಂಪ್ಯೂಟರ್ ವಿಭಾಗದವರು ಅದರಲ್ಲಿರುತ್ತಾರೆ. ಜಿಡಿಪಿಯಲ್ಲಿ ಇವರೆಲ್ಲರ ದುಡಿಮೆಯೂ ತಯಾರಿಕಾ ವಲಯಕ್ಕೇ ಜಮೆಯಾಗುತ್ತದೆ. ನಾಳೆ ಕಂಪ್ಯೂಟರ್ ವಿಭಾಗದ ಕೆಲಸವನ್ನು ಹೊರಗಿನ ಕಂಪನಿಗೆ ಗುತ್ತಿಗೆ ಕೊಟ್ಟರೆ, ಅದೇ ಜನ ಅದೇ ಮೇಜಿನ ಮುಂದೆ ಕುಳಿತಿದ್ದರೂ, ದೇಶದ ಮಾಹಿತಿ ವಲಯ (ಮಾಹಿತಿಯನ್ನು ಸಿದ್ಧಪಡಿಸುವ, ಸಂಸ್ಕರಿಸುವ, ಹಂಚುವ ಕೆಲಸಗಳ ವಲಯ) ಬೆಳೆದಂತೆ ಲೆಕ್ಕ ತೋರಿಸುತ್ತದೆ.

ಈ ತೊಡಕನ್ನು ನೇರವಾಗಿ ಎದುರಿಸಿದವರು ಅಮೆರಿಕದ ಸಂಶೋಧಕ ಮಾರ್ಕ್ ಪೋರಾಟ್. 1977ರಲ್ಲಿ ಅಲ್ಲಿನ ವಾಣಿಜ್ಯ ಇಲಾಖೆ ಪ್ರಕಟಿಸಿದ ಅವರ ಅಧ್ಯಯನವು ಮಾಹಿತಿಯನ್ನು ಮಾರುಕಟ್ಟೆಯಲ್ಲಿ ಮಾರುವವರನ್ನು ಪ್ರಾಥಮಿಕ ಮಾಹಿತಿ ವಲಯವೆಂದೂ, ಉಳಿದ ಉದ್ಯಮಗಳು ಮತ್ತು ಸರ್ಕಾರ ತಮ್ಮ ಬಳಕೆಗೆ ತಾವೇ ಮಾಡಿಕೊಳ್ಳುವ ಮಾಹಿತಿ ಕೆಲಸವನ್ನು ದ್ವಿತೀಯಕ ಮಾಹಿತಿ ವಲಯವೆಂದೂ ಬೇರ್ಪಡಿಸಿತು. ಎರಡನೆಯದಕ್ಕೆ ಮಾರುಕಟ್ಟೆ ಬೆಲೆಯೇ ಇಲ್ಲದ ಕಾರಣ, ಆ ಕೆಲಸಗಾರರ ಸಂಬಳಕ್ಕೆ ಅವರು ಬಳಸುವ ಯಂತ್ರಗಳ ಸವಕಳಿಯನ್ನು ಕೂಡಿಸಿ ಅದರ ಮೌಲ್ಯ ಕಟ್ಟಲಾಯಿತು. 1967ರ ಅಮೆರಿಕದ ಒಟ್ಟು ರಾಷ್ಟ್ರೀಯ ಉತ್ಪನ್ನದಲ್ಲಿ ಮೊದಲನೆಯದರ ಪಾಲು ಸುಮಾರು ಶೇ 25, ಎರಡನೆಯದರ ಪಾಲು ಶೇ 21. ಗಡಿ ಎಳೆಯುವುದು ಸುಲಭವಿರಲಿಲ್ಲ. ವೈದ್ಯರ ದುಡಿಮೆಯಲ್ಲಿ ಅರ್ಧವನ್ನಷ್ಟೇ ಮಾಹಿತಿ ಕೆಲಸವೆಂದು ಪೋರಾಟ್ ಎಣಿಸಿದರು.

ಇದಕ್ಕೂ ಮೊದಲು, 1962ರಲ್ಲಿ, ಅರ್ಥಶಾಸ್ತ್ರಜ್ಞ ಫ್ರಿಟ್ಜ್ ಮ್ಯಾಕ್ಲಪ್ 1958ರ ಅಮೆರಿಕದ ಒಟ್ಟು ರಾಷ್ಟ್ರೀಯ ಉತ್ಪನ್ನದಲ್ಲಿ ಜ್ಞಾನ ಉತ್ಪಾದನೆಯ ಪಾಲು ಸುಮಾರು ಶೇ 29 ಎಂಬ ಅಂಕಿ ಕೊಟ್ಟಿದ್ದರು. ಅವರ ಲೆಕ್ಕ ಅಂತಿಮ ವೆಚ್ಚದ್ದು, ಎಂದರೆ ಕೊನೆಯ ಬಳಕೆಗೆ ಮಾಡಿದ ಖರ್ಚಿನದು. ಮಕ್ಕಳಿಗೆ ಕಲಿಸಲು ಮನೆಯಲ್ಲೇ ಉಳಿದ ತಾಯಂದಿರು ಕೈಬಿಟ್ಟ ಗಳಿಕೆಯೂ ಅದರಲ್ಲಿತ್ತು. ಪೋರಾಟ್ ಅವರದು ಮೌಲ್ಯವರ್ಧನೆಯ ಲೆಕ್ಕ, ಎಂದರೆ ಹೊರಗಿನಿಂದ ಕೊಂಡದ್ದರ ಬೆಲೆ ಕಳೆದು ಉಳಿಯುವ ಮೌಲ್ಯದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು ಒಂದು ದಶಕದಲ್ಲಿ ಶೇ 29 ಇದ್ದದ್ದು ಶೇ 46ಕ್ಕೆ (25 ಮತ್ತು 21 ಕೂಡಿ) ಏರಿತು ಎನ್ನುವುದು ಶುದ್ಧ ತಪ್ಪು. ಇದನ್ನು ತರಗತಿಯಲ್ಲಿ ನಾನು ಪ್ರತಿ ವರ್ಷ ತಿದ್ದುತ್ತೇನೆ.

ನಮ್ಮಲ್ಲಿ 2011–12ನ್ನು ಆಧಾರ ವರ್ಷವಾಗಿ ಹೊಂದಿದ ಜಿಡಿಪಿ ಸರಣಿಯಲ್ಲಿ ದೂರಸಂಪರ್ಕವು ವ್ಯಾಪಾರ, ಹೋಟೆಲ್, ಸಾರಿಗೆಗಳ ಗುಂಪಿನಲ್ಲಿದ್ದರೆ, ಸಾಫ್ಟ್‌ವೇರ್ ಸೇವೆ ರಿಯಲ್ ಎಸ್ಟೇಟ್ ಮತ್ತು ವೃತ್ತಿಪರ ಸೇವೆಗಳ ಜೊತೆಗಿದೆ. ವಿದೇಶಿ ಬ್ಯಾಂಕೊಂದು ಬೆಂಗಳೂರಿನಲ್ಲಿ ಪ್ರತ್ಯೇಕ ಕಂಪನಿಯಾಗಿ ನೋಂದಾಯಿಸಿದ ತಂತ್ರಜ್ಞಾನ ಕೇಂದ್ರದ ಕೆಲಸ ಸಾಫ್ಟ್‌ವೇರ್ ಸೇವೆಯಾಗಿ ಎಣಿಕೆಗೆ ಸಿಗುತ್ತದೆ. ಸಕ್ಕರೆ ಕಾರ್ಖಾನೆಯ ಗುಮಾಸ್ತನ ಕೆಲಸ ಹಾಗೆ ಮಾಹಿತಿ ಕೆಲಸವಾಗಿ ಎಣಿಕೆಗೆ ಸಿಗುವುದಿಲ್ಲ. ಅವನನ್ನು ಹುಡುಕುವ ದಾರಿ ನಮ್ಮ ಕೈಯಲ್ಲೇ ಇದೆ: ಕೇಂದ್ರ ಸರ್ಕಾರದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯು ಪ್ರತಿ ಕೆಲಸಗಾರನ ಉದ್ಯಮ ಮತ್ತು ವೃತ್ತಿ ಎರಡರ ಸಂಕೇತಗಳನ್ನೂ ದಾಖಲಿಸುತ್ತದೆ. ಅವೆರಡನ್ನೂ ಒಂದೇ ಕೋಷ್ಟಕದಲ್ಲಿ ಸೇರಿಸಿ, ಸಂಬಳದ ಅಂಕಿ ಜೋಡಿಸಿದರೆ ನಮ್ಮ ದ್ವಿತೀಯಕ ಮಾಹಿತಿ ವಲಯದ ಅಂದಾಜನ್ನು ಆರಂಭಿಸಬಹುದು.